ಕೂಟ ಬಿಡುವ ಮುನ್ನ ತೂಗಿ ನೋಡಬೇಕಾದದ್ದು
(ಸದಸ್ಯರ ಅಭ್ಯಾಸ ಪಾಠ)



ಒಂದು ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂಬ ಪ್ರಶ್ನೆ ದೇಶಗಳಿಗೆ ಬರುತ್ತದೆ, ಪ್ರಾಂತಗಳಿಗೆ ಬರುತ್ತದೆ, ನಮ್ಮಂಥ ಸಣ್ಣ ಹಿಡುವಳಿದಾರರಿಗೂ ಬರುತ್ತದೆ. ಹೊರಗಿನ ವ್ಯಾಪಾರಿ ನಾಲ್ಕು ಕಾಸು ಹೆಚ್ಚು ಹೇಳಿದ ದಿನ "ಸಂಘದ ಹಂಗೇಕೆ?" ಎಂಬ ಮಾತು ಮಲ್ಲಾಪುರದ ತೋಟದಲ್ಲೂ ಕೇಳಬಹುದು, ಅಂಕೋಲೆಯ ತೋಟದಲ್ಲೂ ಕೇಳಬಹುದು. ಆ ಮಾತಿಗೆ ಉತ್ತರ ಹುಡುಕುವ ಮೊದಲು, ಬೇರೆ ಬೇರೆ ಕಾಲದಲ್ಲಿ ಕೂಟ ಬಿಟ್ಟವರಿಗೆ ಏನಾಯಿತೆಂದು ನೋಡೋಣ. ಮೊದಲನೆಯದು ನಮ್ಮ ಜಿಲ್ಲೆಯದೇ ಕಥೆ.

1. ನಮ್ಮ ಜಿಲ್ಲೆ ಮುಂಬಯಿ ಬಿಟ್ಟದ್ದು

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 94 ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಧಾರವಾಡ, ಬಿಜಾಪುರ, ಬೆಳಗಾವಿ ಜಿಲ್ಲೆಗಳ ಜೊತೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಲಾಭವೇನು? ಕನ್ನಡ ಬಲ್ಲ ರೈತನ ಅರ್ಜಿಗೆ ರಾಜಧಾನಿಯಲ್ಲಿ ಅವನ ಭಾಷೆ ತಿಳಿದವರು ಸಿಕ್ಕರು. ನಷ್ಟವೇನು? ಮುಂಬಯಿಯೊಡನೆ ಹಲವು ತಲೆಮಾರುಗಳಿಂದ ಬೆಳೆದಿದ್ದ ಕಚೇರಿ-ಕೋರ್ಟುಗಳ ರೂಢಿ ತಪ್ಪಿತು. ರಾಜಧಾನಿಯೇನೂ ಹತ್ತಿರ ಬರಲಿಲ್ಲ. ಮುಂಬಯಿಯೂ ದೂರವೇ, ಬೆಂಗಳೂರೂ ದೂರವೇ. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಕುಳಿತದ್ದು 2008ರಲ್ಲಿ, ಅಂದರೆ 52 ವರ್ಷಗಳ ಮೇಲೆ. ಲಾಭ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಂಡಿತೆನ್ನುವಂತೆಯೂ ಇಲ್ಲ. ಕಾರವಾರ, ಹಳಿಯಾಳ, ಸೂಪಾ ತಮಗೆ ಸೇರಬೇಕೆಂದು ಮಹಾರಾಷ್ಟ್ರ ವಾದಿಸಿತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟರೂ ಗಡಿಯ ತಂಟೆ ಮುಗಿಯದೆ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಅಡಿಕೆ ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ ಉಂಟು. ಹಳೆಯ ಕಾಯಿದೆಗಳು ರಾತ್ರೋರಾತ್ರಿ ಬಿದ್ದುಹೋಗಲಿಲ್ಲ. ಬದಲಾಯಿಸುವವರೆಗೆ ಅವೇ ನಡೆಯತಕ್ಕದ್ದೆಂದು ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲೇ ಬರೆದಿತ್ತು. ಮುಂದೆ 1964ರ ಭೂಕಂದಾಯ ಕಾಯಿದೆಯ 79ನೇ ಕಲಮು ಉತ್ತರ ಕನ್ನಡದ ಬೆಟ್ಟ, ಹಾಡಿ ಭೂಮಿಗಳ ಸೌಲಭ್ಯವನ್ನು ಹೆಸರಿಸಿ ಉಳಿಸಿತು. ಸೊಪ್ಪಿಲ್ಲದೆ ತೋಟವಿಲ್ಲವೆಂಬುದು ನಮಗೆ ಗೊತ್ತು. ರಾಜ್ಯ ಬದಲಾದರೂ ಸೊಪ್ಪಿನ ಹಕ್ಕು ಉಳಿದದ್ದು ಅದು ಕಾಗದದ ಮೇಲೆ ಬಂದದ್ದರಿಂದ.

2. ಕಾಫಿ ಪೂಲ್ ಮುಗಿದದ್ದು

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿದಾಗ ಕಾಫಿಗೆ ಪೂಲ್ ಪದ್ಧತಿ ಬಂತು. ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಿ ಮೊದಲು ಮುಂಗಡ, ಆಮೇಲೆ ಕಂತುಗಳಲ್ಲಿ ಬಾಕಿ ಪಡೆಯುತ್ತಿದ್ದರು. ಕಂತಿಗೆ ಕಾಯುವುದೇ ದೊಡ್ಡ ದೂರು. ತಮ್ಮ ಮಾಲು, ತಮ್ಮ ದರ ಎನ್ನುವ ಸ್ವಾತಂತ್ರ್ಯವೂ ಇರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಭಾರತದ ಕಾಫಿ ತನ್ನ ದೊಡ್ಡ ಗಿರಾಕಿಯನ್ನು ಕಳೆದುಕೊಂಡಿತು. ದೂರದ ಒಂದು ಒಕ್ಕೂಟ ಮುರಿದರೆ ನಮ್ಮ ಕಣದವರೆಗೂ ಅದರ ಪೆಟ್ಟು ಬರುತ್ತದೆ.

1992ರಿಂದ ಪೂಲ್‌ನ ಹಿಡಿತವನ್ನು ಹಂತ ಹಂತವಾಗಿ ಸಡಿಲಿಸಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಕೊಡಲಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟುಹೋದದ್ದರಿಂದ ಜಗತ್ತಿನಲ್ಲೇ ದರ ಏರಿತ್ತು. ಕೈಗೆ ಕೂಡಲೇ ಹಣ ಬಂದಾಗ ಬಿಟ್ಟದ್ದೇ ಸರಿಯೆನಿಸಿತು. ಆದರೆ 2001ರ ಹೊತ್ತಿಗೆ ದರ ದಶಕಗಳಲ್ಲೇ ಕಾಣದಷ್ಟು ಕುಸಿಯಿತು. ಪೂಲ್ ಇದ್ದಿದ್ದರೂ ಜಗತ್ತಿನ ದರವನ್ನು ಅದು ಎತ್ತಿ ಹಿಡಿಯಲಾರದು. ಆದರೆ ಆಗ ದರ ಕೇಳುವ, ಮಾಲು ಕಾಯ್ದಿಡುವ, ಗಿರಾಕಿ ಹುಡುಕುವ ಕೆಲಸಗಳೆಲ್ಲ ಒಂಟಿ ಬೆಳೆಗಾರನ ತಲೆಯ ಮೇಲೆ ಬಿದ್ದಿದ್ದವು. ಪೂಲ್ ಇದ್ದಾಗ ಆ ಕೆಲಸಗಳು ಕಣ್ಣಿಗೇ ಬಿದ್ದಿರಲಿಲ್ಲ.

3. ಬ್ರಿಟನ್ನಿನ ಅನುಭವ

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರು ಯುರೋಪಿಯನ್ ಒಕ್ಕೂಟ ಬಿಡಲು ಶೇಕಡಾ 51.9ರ ಬಹುಮತ ಕೊಟ್ಟರು. ನಿಜವಾಗಿ ಹೊರಬಂದದ್ದು 2020ರ ಜನವರಿ 31ರಂದು. ಲಾಭವೆಂದರೆ, ವ್ಯಾಪಾರದ ಒಪ್ಪಂದಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ. 2025ರ ಜುಲೈನಲ್ಲಿ ಭಾರತದೊಡನೆ ಸಹಿ ಹಾಕಿದ್ದು ಅದರಿಂದಲೇ. ನಷ್ಟವೆಂದರೆ, ಪಕ್ಕದ ಯುರೋಪಿಗೆ ಸುಂಕವಿಲ್ಲದೆ ಮಾಲು ಹೋದರೂ ಪ್ರತಿ ಲಾರಿಗೂ ಕಾಗದಪತ್ರ, ತಪಾಸಣೆ. ಉತ್ತರ ಐರ್ಲೆಂಡಿಗಂತೂ ಪ್ರತ್ಯೇಕ ಏರ್ಪಾಡೇ ಬೇಕಾಯಿತು. ಬಿಡಬೇಕೆಂದು ಒಂದು ದಿನದಲ್ಲಿ ತೀರ್ಮಾನವಾಯಿತು, ಹೇಗೆ ಬಿಡುವುದೆಂಬುದಕ್ಕೆ ವರ್ಷಗಳು ಹಿಡಿದವು.

4. ತೂಗುವ ಕ್ರಮ

ಇವುಗಳಿಂದ ನಾವು ಕಲಿಯುವುದು ಇಷ್ಟು. ಬಿಟ್ಟರೆ ಕೈಗೆ ಏನು ಬರುತ್ತದೆಂಬುದು ಬೇಗ ಕಾಣುತ್ತದೆ. ಕೂಟ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಅದು ನಿಂತಾಗಲೇ ಕಾಣುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿರಿ: ಬರುವುದು, ಹೋಗುವುದು, ಹೋಗುವುದನ್ನು ನಾಳೆಯಿಂದ ಮಾಡುವವರು ಯಾರು. 1956ರಲ್ಲಿ ಮೂರನೆಯ ಅಂಕಣಕ್ಕೆ ಉತ್ತರ ಕಾಯಿದೆಯಲ್ಲೇ ಇತ್ತು. 1996ರಲ್ಲಿ ಬಹುಮಟ್ಟಿಗೆ ಖಾಲಿ ಇತ್ತು.

ಸಂಘದಲ್ಲಿ ಕುಂದು ಇಲ್ಲವೆಂದು ನಾವು ಹೇಳುವುದಿಲ್ಲ. ಪಾವತಿ ತಡವಾದರೆ, ತೂಕದಲ್ಲಿ ಸಂಶಯವಿದ್ದರೆ ಸರ್ವಸಾಧಾರಣ ಸಭೆಯಲ್ಲಿ ಎದ್ದು ಕೇಳುವುದು ಸದಸ್ಯನ ಹಕ್ಕು. ಕೇಳಿಯೂ ಸರಿಯಾಗದಿದ್ದರೆ ಬಿಡುವುದೂ ಅವನ ಹಕ್ಕೇ. ಆದರೆ ಒಂದು ಒಳ್ಳೆಯ ದರದ ದಿನವನ್ನು ನಂಬಿ ಬಿಡಬೇಡಿ. ದರ ಬಿದ್ದ ವರ್ಷ ನಿಮ್ಮ ಚೀಲವನ್ನು ಯಾರು ಕೇಳುತ್ತಾರೆಂದು ಮೊದಲು ನೋಡಿರಿ.

ಚರ್ಚೆಗೆ ಪ್ರಶ್ನೆಗಳು

(1) ಸಂಘ ನಿಮಗಾಗಿ ಮಾಡುವ ಕೆಲಸಗಳಲ್ಲಿ ಬಿಲ್ಲಿನಲ್ಲಿ ಕಾಣದಂಥವು ಯಾವುವು?
(2) ಕೇವಲ ರೂಢಿಯಿಂದ ನಡೆದುಬಂದಿರುವ, ಕಾಗದದ ಮೇಲೆ ಇಲ್ಲದ ಸೌಲಭ್ಯ ನಿಮಗೆ ಯಾವುದಿದೆ?
(3) ಹತ್ತು ಜನ ಒಟ್ಟಿಗೆ ಬಿಟ್ಟರೆ ಉಳಿದವರ ಮೇಲೆ ಬೀಳುವ ಖರ್ಚೆಷ್ಟು?