ಐವರ ಮನೆಯ ಶಾಖದ ಲೆಕ್ಕ

ವ್ಯಾಸಂಗಕ್ಕಾಗಿ ಬ್ರಿಟನ್ನಿಗೆ ತೆರಳುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಲ್ಕೈದು ಮಂದಿ ಸೇರಿ ಒಂದು ಮನೆಯನ್ನು ಬಾಡಿಗೆಗೆ ಹಿಡಿಯುವುದುಂಟು. ಅಕ್ಟೋಬರ್ ಕಳೆಯುತ್ತಲೇ ಅಲ್ಲಿ ಒಂದು ವ್ಯಾಜ್ಯ ತಲೆಯೆತ್ತುತ್ತದೆ. ಒಬ್ಬನಿಗೆ ಚಳಿ, ಇನ್ನೊಬ್ಬನಿಗೆ ಸೆಕೆ. ಒಬ್ಬಳು ಕಿಟಕಿ ತೆರೆಯುತ್ತಾಳೆ, ಮತ್ತೊಬ್ಬಳು ಶಾಖವನ್ನು ಏರಿಸುತ್ತಾಳೆ. ಬಿಲ್ಲನ್ನು ಮಾತ್ರ ಎಲ್ಲರೂ ಸಮನಾಗಿ ತೆರಬೇಕು. ೨೦೨೨ರಲ್ಲಿ ಅನಿಲದ ಬೆಲೆ ವಿಪರೀತವಾಗಿ ಏರಿದಾಗ ಈ ಬಿಲ್ಲು ಎಷ್ಟೋ ಮಂದಿಯ ಊಟದ ಹಣಕ್ಕೇ ಕೈಹಾಕಿತು. ಈ ವ್ಯಾಜ್ಯವನ್ನು ತೀರಿಸಲು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಬಹುಮಟ್ಟಿಗೆ ಸಾಕು.

ಯಂತ್ರವು ಸರಳವಾದುದು. ನೈಸರ್ಗಿಕ ಅನಿಲವು ಬಾಯ್ಲರಿನಲ್ಲಿ ಉರಿದು ನೀರನ್ನು ಕಾಯಿಸುತ್ತದೆ. ಪಂಪು ಆ ನೀರನ್ನು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರಿಗೂ ಅಟ್ಟುತ್ತದೆ. ತಣಿದ ನೀರು ಹಿಂದಿರುಗುತ್ತದೆ. ನಮ್ಮ ಬಚ್ಚಲ ಹಂಡೆಗೆ ಕೈಕಾಲು ಮೂಡಿದಂತೆ ಎನ್ನಬಹುದು! ರೇಡಿಯೇಟರ್ ಎಂಬ ಹೆಸರಿದ್ದರೂ ಅದು ಕೋಣೆಯನ್ನು ಕಾಯಿಸುವುದು ಬಹುಪಾಲು ವಿಕಿರಣದಿಂದಲ್ಲ, ಕಾದ ಗಾಳಿ ಮೇಲೇರುವ ಸಂವಹನದಿಂದ. ಆದುದರಿಂದ ಅದರ ಮುಂದೆ ಸೋಫಾ ಒತ್ತರಿಸಿದರೆ, ಪರದೆ ಇಳಿಬಿಟ್ಟರೆ ಶಾಖವು ಅಲ್ಲಿಯೇ ಸೆರೆಯಾಗುತ್ತದೆ.

ಇನ್ನು ಮುಖ್ಯ ತಕರಾರಿಗೆ ಬರೋಣ. "ಮನೆ ಆರಿದ ಮೇಲೆ ಮತ್ತೆ ಕಾಯಿಸಲು ಹೆಚ್ಚು ಅನಿಲ ಬೇಕು; ದಿನವಿಡೀ ಸಣ್ಣಗೆ ಉರಿಯಲು ಬಿಡುವುದೇ ಅಗ್ಗ" ಎಂಬ ವಾದವನ್ನು ಅಲ್ಲಿ ಯಾರಾದರೊಬ್ಬರು ಹೂಡಿಯೇ ಹೂಡುತ್ತಾರೆ. ಇದು ನಿಜವೇ? ತಳದಲ್ಲಿ ತೂತಿರುವ ಕೊಡವೊಂದನ್ನು ಭಾವಿಸಿಕೊಳ್ಳಿ. ಕೊಡ ತುಂಬಿದ್ದಷ್ಟೂ ನೀರು ರಭಸದಿಂದ ಸೋರುತ್ತದೆ. ಮಟ್ಟ ಇಳಿದಂತೆ ಸೋರಿಕೆಯೂ ಮಂದವಾಗುತ್ತದೆ. ಮತ್ತೆ ತುಂಬುವಾಗ ನಾವು ಸುರಿಯಬೇಕಾದುದು ಸೋರಿಹೋದಷ್ಟನ್ನೇ ಹೊರತು ಅದಕ್ಕಿಂತ ಹೆಚ್ಚನ್ನಲ್ಲ. ಮನೆಯೂ ಹಾಗೆಯೇ. ಗೋಡೆ ಗಾಜುಗಳ ಮೂಲಕ ಹೊರಹೋಗುವ ಶಾಖವು ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ. ಎಲ್ಲರೂ ತರಗತಿಗೆ ಹೋದಾಗ ಮನೆ ಆರಲಿ. ಆರಿದ ಮನೆ ಕಡಮೆ ಸೋರುತ್ತದೆ. ಹೊರಗೆ ೫ ಡಿಗ್ರಿ, ಒಳಗೆ ೨೦ ಡಿಗ್ರಿ ಇದ್ದರೆ ಅಂತರವು ೧೫. ಒಳಗಿನದನ್ನು ೧೯ಕ್ಕೆ ಇಳಿಸಿದರೆ ೧೪. ಒಂದೇ ಡಿಗ್ರಿಯಿಂದ ಹದಿನೈದರಲ್ಲಿ ಒಂದು ಪಾಲು ಉಳಿತಾಯ! ಆದರೆ ಲೋಭಕ್ಕೂ ಮಿತಿಯಿರಬೇಕು. ಚಳಿಯ ನಾಡುಗಳ ಮನೆಯೊಳಗೆ ಕನಿಷ್ಠ ೧೮ ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಸಲಹೆಮಾಡಿತು.

ಕೋಣೆಯ ರೇಡಿಯೇಟರಿಗೆ ೧ರಿಂದ ೫ರವರೆಗೆ ಅಂಕಿಗಳುಳ್ಳ ತಿರುಗಣೆಯಿರುತ್ತದೆ. ಅದರೊಳಗಿನ ಮೇಣ ಅಥವಾ ದ್ರವವು ಕೋಣೆ ಕಾದಂತೆ ಹಿಗ್ಗಿ ನೀರಿನ ದಾರಿಯನ್ನು ಮುಚ್ಚುತ್ತದೆ. ಚಳಿಯಿಂದ ನಡುಗುತ್ತ ಬಂದವನು ಅದನ್ನು ೫ಕ್ಕೆ ತಿರುಗಿಸಿದ ಮಾತ್ರಕ್ಕೆ ಕೋಣೆ ಬೇಗ ಕಾಯದು. ಬೇಕಾದುದಕ್ಕಿಂತ ಹೆಚ್ಚು ಕಾದು, ಕಡೆಗೆ ಕಿಟಕಿ ತೆರೆಯುವಂತಾಗುತ್ತದೆ, ಅಷ್ಟೆ. ಮನೆಗೆಲ್ಲ ಸಂಬಂಧಿಸಿದ ಥರ್ಮೋಸ್ಟಾಟ್ ಸಾಮಾನ್ಯವಾಗಿ ನಡುಮನೆಯಲ್ಲಿರುತ್ತದೆ. ಬಾಗಿಲು ತೆರೆದಿಟ್ಟು ಹರಟುವವನೊಬ್ಬನಿದ್ದರೆ ಅದು ಇಡೀ ಮನೆಯೇ ತಣ್ಣಗಿದೆಯೆಂದು ಬಗೆದು ಬಾಯ್ಲರನ್ನು ಉರಿಸುತ್ತಲೇ ಇರುತ್ತದೆ.

ಹೆಚ್ಚು ಮಂದಿ ಅರಿಯದ ಉಳಿತಾಯವು ಬಾಯ್ಲರಿನಲ್ಲಿಯೇ ಅಡಗಿದೆ. ನೈಸರ್ಗಿಕ ಅನಿಲದಲ್ಲಿ ಮುಖ್ಯವಾದುದು ಮೀಥೇನ್. ೧೬ ಗ್ರಾಂ ಮೀಥೇನ್ ಉರಿದರೆ ೩೬ ಗ್ರಾಂ ನೀರು ಹಬೆಯ ರೂಪದಲ್ಲಿ ಹುಟ್ಟುತ್ತದೆ. ಉರಿದು ಬಂದ ಒಟ್ಟು ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಈ ಹಬೆಯಲ್ಲಿ ಗುಪ್ತೋಷ್ಣವಾಗಿ ಅವಿತಿರುತ್ತದೆ. ಹಳೆಯ ಬಾಯ್ಲರುಗಳು ಇದನ್ನು ಹೊಗೆಕೊಳವೆಗೆ ದಾನಮಾಡುತ್ತಿದ್ದುವು. ಹೊಸ ಬಗೆಯವು ಹಬೆಯನ್ನು ನೀರಾಗಿಸಿ ಆ ಶಾಖವನ್ನು ಮರಳಿ ಪಡೆಯುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ೨೦೦೫ರಿಂದ ಹೊಸದಾಗಿ ಹಾಕುವ ಅನಿಲದ ಬಾಯ್ಲರುಗಳು ಸಾಮಾನ್ಯವಾಗಿ ಇವೇ. ಆದರೆ ಹಿಂದಿರುಗುವ ನೀರು ಸುಮಾರು ೫೫ ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರವೇ ಹಬೆ ನೀರಾದೀತು. ೮೦ ಡಿಗ್ರಿಯ ನೀರನ್ನು ಅಟ್ಟುತ್ತಿದ್ದರೆ ಅದು ಹೇಗೆ ಸಾಧ್ಯ? ಅದನ್ನು ೬೦ರ ಆಸುಪಾಸಿಗೆ ಇಳಿಸಬೇಕು. ಸ್ನಾನದ ನೀರನ್ನು ತೊಟ್ಟಿಯಲ್ಲಿ ಕೂಡಿಡುವ ಮನೆಯಾದರೆ ಮಾತ್ರ ಎಚ್ಚರಿಕೆ ಬೇಕು: ತೊಟ್ಟಿಯ ನೀರು ೬೦ ಡಿಗ್ರಿಗೆ ಕಾಯದಿದ್ದರೆ ಅಪಾಯಕರವಾದ ಬ್ಯಾಕ್ಟೀರಿಯಾಗಳು ಬೆಳೆಯಬಹುದು.

ಒದ್ದೆ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರಡುವ ಅಭ್ಯಾಸವು ಬಲು ದುಬಾರಿ. ಒಂದು ಲೀಟರ್ ನೀರು ಆವಿಯಾಗಲು ಯೂನಿಟ್ಟಿನ ಮೂರನೆಯ ಎರಡು ಪಾಲು ಶಾಖ ಬೇಕು. ಆ ಆವಿಯು ತಣ್ಣನೆಯ ಗೋಡೆಯ ಮೇಲೆ ಇಬ್ಬನಿಗಟ್ಟಿ ಬೂಷ್ಟು ಬೆಳೆಸುತ್ತದೆ. ಬೂಷ್ಟು ಕೆಮ್ಮನ್ನು ತರುತ್ತದೆ. ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹರಡಿ, ಬಾಗಿಲು ಮುಚ್ಚಿ, ಅಲ್ಲಿಯ ಕಿಟಕಿಯನ್ನಷ್ಟೇ ತುಸು ತೆರೆದಿಡುವುದು ಲೇಸು.

ಗುಟ್ಟಾಗಿ ವಿದ್ಯುತ್ ಹೀಟರ್ ಕೊಂಡುತರುವವನ ವಿಷಯವೇನು? ಎರಡು ಕಿಲೋವಾಟ್ ಹೀಟರು ಗಂಟೆಗೆ ಎರಡು ಯೂನಿಟ್ ನುಂಗುತ್ತದೆ. ೨೦೨೪ರಲ್ಲಿ ಬ್ರಿಟನ್ನಿನಲ್ಲಿ ವಿದ್ಯುತ್ತಿನ ಯೂನಿಟ್ ಅನಿಲದ ಯೂನಿಟ್ಟಿನ ಸುಮಾರು ನಾಲ್ಕು ಪಟ್ಟು ಬೆಲೆಯದಾಗಿತ್ತು. ಅಂದರೆ ಎಂಟು ಯೂನಿಟ್ ಅನಿಲಕ್ಕೆ ಸಮ. ಐವರೂ ಮನೆಯಲ್ಲಿರುವಾಗ ಇದು ಶುದ್ಧ ನಷ್ಟ. ನಡುರಾತ್ರಿ ಒಬ್ಬನೇ ಓದುತ್ತ ಕುಳಿತಾಗ, ಇಡೀ ಮನೆಯನ್ನು ಕಾಯಿಸುವುದಕ್ಕಿಂತ ಅರ್ಧಗಂಟೆ ಇದನ್ನು ಹಚ್ಚುವುದು ಅಗ್ಗವಾದೀತು. ಅವನನ್ನು ಬೈಯುವ ಮುನ್ನ ಇದನ್ನೂ ಗಣಿಸಬೇಕು.

ಇಷ್ಟಾದರೂ ಜಗಳ ನಿಲ್ಲದಿದ್ದರೆ ಪ್ರತಿ ಭಾನುವಾರ ಮೀಟರನ್ನು ಓದಿ, ಅಂಕಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ. ಹೊಸ ಮೀಟರುಗಳು ಅನಿಲವನ್ನು ಘನಮೀಟರುಗಳಲ್ಲಿ ತೋರಿಸುತ್ತವೆ. ಒಂದು ಘನಮೀಟರೆಂದರೆ ಸುಮಾರು ೧೧ ಯೂನಿಟ್.