ಹುಟ್ಟುಗುಣಕ್ಕೆ ಎಷ್ಟು ಅಂಕ?

ಹತ್ತು ವರ್ಷದಿಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತಿದ್ದೇನೆ. ಆಡುವುದಲ್ಲ, ಆಡಿಸುವುದು: ಕಥೆ ಹೇಳುವವನು, ರಾಕ್ಷಸರಿಗೆ ದನಿ ಕೊಡುವವನು, ಜಗಳ ಬಿಡಿಸುವವನು ಎಲ್ಲ ನಾನೇ. ಹೆಚ್ಚಿನ ಜಗಳ ಆಟ ಶುರುವಾಗುವ ಮೊದಲೇ, ಪಾತ್ರದ ಬಲ, ಬುದ್ಧಿಯಂಥ ಗುಣಗಳಿಗೆ ಅಂಕ ಹಾಕುವಾಗಲೇ ಹುಟ್ಟುತ್ತದೆ. ಎಲ್ಫ್‌ಗೆ ಎಷ್ಟು ಅಂಕ ಹೆಚ್ಚು? ಆರ್ಕ್‌ಗೆ ಎಷ್ಟು ಕಡಿಮೆ?

1. ಒಂದು ಅಂಕ ಕೆಡಿಸುವುದು ಆಟವನ್ನಲ್ಲ, ಆಯ್ಕೆಯನ್ನು.

2014ರ ನಿಯಮ ಹಿಡಿದು ಆಡುತ್ತಿದ್ದ ಕಾಲ. ಗೆಳೆಯನೊಬ್ಬ ಹಾಫ್-ಆರ್ಕ್ ಮಂತ್ರವಾದಿಯಾಗುತ್ತೇನೆಂದು ಬಂದ. ಹಾಫ್-ಆರ್ಕ್‌ಗೆ ಸ್ಟ್ರೆಂತ್‌ನಲ್ಲಿ 2, ಕಾನ್‌ಸ್ಟಿಟ್ಯೂಷನ್‌ನಲ್ಲಿ 1 ಹೆಚ್ಚು. ಮಂತ್ರಕ್ಕೆ ಬೇಕಾದ ಇಂಟೆಲಿಜೆನ್ಸ್‌ಗೆ ಏನೂ ಇಲ್ಲ. ಪಾಯಿಂಟ್ ಹಂಚಿಕೊಳ್ಳುವ ಲೆಕ್ಕದಲ್ಲಿ ಅವನಿಗೆ 15ರ ಮೇಲೆ ದಕ್ಕದು. ಹೈ ಎಲ್ಫ್ ಆದರೆ 16. 15 ಇದ್ದರೆ ದಾಳಕ್ಕೆ 2 ಸೇರುತ್ತದೆ, 16 ಇದ್ದರೆ 3. ಕಾಲು ಗಂಟೆ ಪುಸ್ತಕ ತಿರುವಿ, ಮುಖ ಸಪ್ಪಗೆ ಮಾಡಿಕೊಂಡು ಎಲ್ಫ್ ಆಗಿಬಿಟ್ಟ.

ಇಪ್ಪತ್ತು ಮುಖದ ದಾಳದಲ್ಲಿ ಆ ಒಂದರ ಬೆಲೆ ಶೇ. 5. ಒಂದು ಸಂಜೆಗೆ ಹತ್ತು ಸಲ ಉರುಳಿಸಿದರೂ ಅದರಿಂದ ಫಲ ಬದಲಾಗುವುದು ಎರಡು ಸಂಜೆಗೊಮ್ಮೆ. ಅಷ್ಟಕ್ಕಾಗಿ ಅವನು ತಿಂಗಳುಗಟ್ಟಲೆ ಮನಸ್ಸಿಗೆ ಹತ್ತದ ಪಾತ್ರ ಹೊತ್ತು ತಿರುಗಿದ.

2. ಕೊಡುವ ಅಂಕವೇ ಬೇರೆ, ಕಳೆಯುವ ಅಂಕವೇ ಬೇರೆ.

2000ದ ಮೂರನೇ ಆವೃತ್ತಿಯಲ್ಲಿ ಹಾಫ್-ಆರ್ಕ್‌ಗೆ ಇಂಟೆಲಿಜೆನ್ಸ್, ಕರಿಸ್ಮಾ ಎರಡರಲ್ಲೂ 2 ಕಡಿತ. ಆ ಹಳೇ ಪುಸ್ತಕ ಹಿಡಿದು ಕೆಲವು ಸಲ ಆಡಿಸಿದ್ದೇನೆ. 10 ಇದ್ದ ಅಂಕ 8 ಆದರೆ ದಾಳದಲ್ಲಿ ಒಂದು ಕಡಿಮೆ, ಅಷ್ಟೇ. ಆದರೆ ಆಡುವವರು ಅದನ್ನು ಪೆದ್ದುತನದ ಪರವಾನಗಿ ಮಾಡಿಕೊಂಡು ತೊದಲುತ್ತಾ ಮಾತಾಡುತ್ತಾರೆ. ಅರ್ಧ ಗಂಟೆ ನಗು ಬರುತ್ತದೆ, ಆಮೇಲೆ ಬೇಜಾರು. 2008ರ ನಾಲ್ಕನೇ ಆವೃತ್ತಿ ಈ ಕಡಿತಗಳನ್ನು ತೆಗೆದದ್ದೇ ಒಳ್ಳೆಯದಾಯಿತು.

3. 'ವಾಸ್ತವ ಹಾಗೇ ಇರೋದು' ಎಂಬ ವಾದಕ್ಕೆ ಸೋಲಬೇಡಿ.

1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಯೋಧರ ಸ್ಟ್ರೆಂತ್‌ಗೆ 18ರ ಮೇಲೂ ಶೇಕಡಾ ಲೆಕ್ಕದ ಒಂದು ಏಣಿಯಿತ್ತು. ಮನುಷ್ಯ ಗಂಡಸು 100ರ ತನಕ ಹತ್ತಬಹುದು, ಹೆಂಗಸು 50ಕ್ಕೇ ನಿಲ್ಲಬೇಕು. ಅದೂ ವಾಸ್ತವವೇ ಅಂತೆ! 1989ರ ಎರಡನೇ ಆವೃತ್ತಿ ಅದನ್ನು ಕಿತ್ತುಹಾಕಿತು. ಡ್ರಾಗನ್‌ಗಳು ಹಾರುವುದನ್ನೇನೂ ನಿಲ್ಲಿಸಲಿಲ್ಲ. 2014ರಲ್ಲಂತೂ ಆಡುವ ಪಾತ್ರಗಳಿಗೆಲ್ಲ ಮಾಮೂಲು ಮಿತಿ 20. ಮೂರಡಿಯ ಹಾಫ್ಲಿಂಗ್ ಏಳಡಿಯ ಗೋಲಿಯತ್ ಜೊತೆ ಪಂಜಾ ಕುಸ್ತಿಗೆ ಸಮನಾಗಿ ಕೂರಬಹುದು. ಯಾವ ಜೀವಶಾಸ್ತ್ರ ಇದು?

4. ಅಂಕವನ್ನು ಬೇರೆ ಕಡೆ ಇಟ್ಟರೂ ಕಾಟ ತಪ್ಪದು.

ಹಳೆಯ ಪುಸ್ತಕಗಳದ್ದು 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ನಿಲುವು. 2024ರ ಪುಸ್ತಕ ಎಲ್ಫ್, ಆರ್ಕ್ ಮುಂತಾದ ಕುಲಗಳನ್ನು 'ರೇಸ್' ಬದಲು 'ಸ್ಪೀಶೀಸ್' ಎಂದಿತು, ಅಂಕಗಳನ್ನು ಪಾತ್ರದ ಹಿನ್ನೆಲೆಗೆ ಕಟ್ಟಿತು. ಸೇಜ್ ಆಗಿದ್ದವನಿಗೆ ಇಂಟೆಲಿಜೆನ್ಸ್, ಸೋಲ್ಜರ್‌ಗೆ ಸ್ಟ್ರೆಂತ್. ಈಗ ನನ್ನ ಮೇಜಿನ ಮಂತ್ರವಾದಿಗಳೆಲ್ಲ ಸೇಜ್‌ಗಳೇ. ನನಗೆ ಹಿಡಿಸಿದ್ದು 2020ರ ಟಾಷಾಸ್ ಕಾಲ್ಡ್ರನ್ ಪುಸ್ತಕದ ದಾರಿ: ಅಂಕ ಎಲ್ಲಿ ಬೇಕೋ ಅಲ್ಲಿ ಹಾಕಿಕೊ.

5. ನೆನಪಲ್ಲಿ ಉಳಿಯುವುದು ಪಾತ್ರ ಏನು ಮಾಡಬಲ್ಲದು ಎಂಬುದು.

2014ರ ನಿಯಮವನ್ನೇ ನೋಡಿ: ಪಂಜು ಆರಿದಾಗ ಮನುಷ್ಯ ತಡಕಾಡುತ್ತಾನೆ, ಡ್ವಾರ್ಫ್‌ಗೆ ಅರವತ್ತಡಿ ಕಾಣುತ್ತದೆ. ಹಾಫ್ಲಿಂಗ್ ದಾಳದಲ್ಲಿ 1 ಬಿದ್ದರೆ ಮತ್ತೆ ಉರುಳಿಸುತ್ತಾನೆ. ಹಾಫ್-ಆರ್ಕ್ ಪ್ರಾಣ ಸೊನ್ನೆಗಿಳಿದರೂ ಒಮ್ಮೆ 1ಕ್ಕೆ ನಿಲ್ಲುತ್ತಾನೆ. ಇವನ್ನು ನಾನು ಮುಟ್ಟುವುದಿಲ್ಲ.

ಟಾಷಾ ನಿಯಮ ಬಂದ ಮೇಲೆ ಆ ಗೆಳೆಯನಿಗೆ ಕೊನೆಗೂ ಹಾಫ್-ಆರ್ಕ್ ಮಂತ್ರವಾದಿ ಸಿಕ್ಕಿತು. ಆ 2 ಅಂಕವನ್ನು ಇಂಟೆಲಿಜೆನ್ಸ್‌ಗೆ ಹಾಕಿಕೊಂಡ. ಸೇತುವೆಯ ಮೇಲೆ ಓಗರ್‌ನ ಗದೆ ಬಿತ್ತು. ಪ್ರಾಣ ಸೊನ್ನೆ, ಇಲ್ಲ, 1! ಎದ್ದವನೇ ಥಂಡರ್‌ವೇವ್ ಹೊಡೆದ. ನಾನು ಓಗರ್ ಪರವಾಗಿ ದಾಳ ಉರುಳಿಸಿದೆ. ಒಂದೇ ಒಂದು ಅಂಕಕ್ಕೆ ತಪ್ಪಿತು, ಓಗರ್ ಹೊಳೆ ಪಾಲು.

"ನೋಡಿದೆಯೇನೋ," ಅಂದ ಅವನು ಮೇಜು ಕುಟ್ಟಿ, "ಆ ಒಂದು ಅಂಕ!"