ಮೊಳೆಯ ಗೀರು

ನಾವು ಮೂವರು ಹೆಂಗಸರು ಸಣ್ಣ ಅಚ್ಚುಕೂಟ ನಡೆಸುತ್ತೇವೆ. ಲಗ್ನಪತ್ರಿಕೆ, ಶುಭಾಶಯದ ಕಾರ್ಡು ಅಚ್ಚು ಹಾಕುತ್ತೇವೆ. ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ ನಮ್ಮದು. ಒತ್ತಿದ ಅಕ್ಷರ ಬೆರಳಿಗೆ ಸಿಗಬೇಕು ಅನ್ನುವವರು ಆಫ್‌ಸೆಟ್ ಬಿಟ್ಟು ನಮ್ಮಲ್ಲಿಗೆ ಬರ್ತಾರೆ.

ಸೀಸದ ಮೊಳೆಯಲ್ಲಿ ಅಕ್ಷರ ತಿರುಗುಮುರುಗು, ಕನ್ನಡಿಯಲ್ಲಿ ಕಂಡ ಹಾಗೆ. ಒತ್ತಕ್ಷರಕ್ಕೆ ಬೇರೆ ಮೊಳೆ. ಒಂದೊಂದೇ ಆರಿಸಿ ಜೋಡಿಸಬೇಕು.

ಒಮ್ಮೆ ಮದುವೆಯ ತಾರೀಖು 16 ಇತ್ತು. 6ರ ಮೊಳೆ ತಲೆಕೆಳಗಾಗಿ ಕೂತು 19 ಆಯಿತು. 200 ಕಾರ್ಡು ದಂಡ, ದುಡ್ಡೂ ನಮ್ಮದೇ! ಮದುಮಗಳ ತಾಯಿ ಓದಿ ತಪ್ಪು ಹಿಡಿದರು. ಅವರು ಅಕ್ಷರ ಕಲಿತು ಆಗಿನ್ನೂ ಆರು ತಿಂಗಳು.

ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಸಾಲಿನಲ್ಲಿ ಎಲ್ಲ ಗೀರೂ ಒಂದೇ ಕಡೆ ಬರಬೇಕು. ಈಗ ಬೆರಳಾಡಿಸಿ ನೋಡುತ್ತೇವೆ. ಮೊದಲು ಒಂದೇ ಕಾರ್ಡು ತೆಗೆದು ಮನೆಯವರಿಂದ ಓದಿಸುತ್ತೇವೆ. ಆಮೇಲೇ ಉಳಿದದ್ದು.